ಎಳೆ ಕಡಿದರೆ ನಿಲ್ಲುವ ಮಗ್ಗ

ಸರ್ವೀಸ್ ಮುಗಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಲವೊಮ್ಮೆ ಒಂದು ದೀಪ ಉರಿಯುತ್ತಲೇ ಇರುತ್ತದೆ. ಎಂಜಿನ್ ಆಯಿಲ್ ಬದಲಾಗಿದೆ, ಫಿಲ್ಟರ್ ಹೊಸದು, ಬಿಲ್ಲೂ ಕೈಗೆ ಬಂದಿದೆ. ದೀಪಕ್ಕೆ ಮಾತ್ರ ಸುದ್ದಿ ತಲುಪಿಲ್ಲ. ತಲುಪುವುದಾದರೂ ಹೇಗೆ? ಅದು ಆಯಿಲ್ ಕಡೆ ನೋಡುವುದೇ ಇಲ್ಲವಲ್ಲ! ಅಮೆರಿಕದಲ್ಲಿ ಮಾರಾಟವಾದ ಎಷ್ಟೋ ಟೊಯೋಟಾ ಕಾರುಗಳಲ್ಲಿ ಮೇಂಟ್ ರಿಕ್ವೈರ್ಡ್ ಅಂತ ಬರೆದಿರುವ ಈ ದೀಪಕ್ಕೆ ಇರುವುದು ಒಂದೇ ಕೆಲಸ. ಕಳೆದ ಸಲ ಸೊನ್ನೆ ಮಾಡಿದ ಮೇಲೆ ಕಾರು ಎಷ್ಟು ಮೈಲಿ ಓಡಿತು ಅನ್ನುವ ಎಣಿಕೆ ಇಟ್ಟುಕೊಳ್ಳುವುದು. ಸುಮಾರು 4,500 ಮೈಲಿಗೆ ಮಿಣುಕುತ್ತದೆ. 5,000 ದಾಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ 8,000 ಕಿಲೋಮೀಟರಿಗೆ, ಆರದೆ ಉರಿಯುತ್ತದೆ. ಅದನ್ನು ಆರಿಸಲು ಸ್ಪ್ಯಾನರ್ ಬೇಕಿಲ್ಲ, ಟ್ರಿಪ್ ಮೀಟರಿನ ಬಟನ್ ಸಾಕು.

ಈ ದೀಪ ಕೂರಿಸಿದ ಕಂಪನಿಯ ಬೇರು ಇರುವುದು ಕಾರಿನಲ್ಲಲ್ಲ, ಬಟ್ಟೆ ನೇಯುವ ಮಗ್ಗದಲ್ಲಿ. ಆ ಮಗ್ಗ ಕಟ್ಟಿದವರು ಸಾಕಿಚಿ ಟೊಯೊಡಾ. ತಪ್ಪಾದರೆ ಯಂತ್ರವೇ ಹೇಳಬೇಕು ಅನ್ನುವುದಕ್ಕೆ ಇಡೀ ಜೀವಮಾನ ತೇಯ್ದ ಮನುಷ್ಯ. ಅವರ ಮಗ್ಗ ಹೇಳುತ್ತಿದ್ದ ರೀತಿಗೂ ಈ ದೀಪ ಹೇಳುವ ರೀತಿಗೂ ಭಾರೀ ವ್ಯತ್ಯಾಸ ಇದೆ. ಈ ಸಲ ನಾವು ಅವರ ಬದುಕನ್ನು ಬರೆಯಲು ಕೂತದ್ದು ಆ ವ್ಯತ್ಯಾಸ ಕಾಡಿದ್ದರಿಂದ.

ಸಾಕಿಚಿ ಹುಟ್ಟಿದ್ದು 1867ರ ಫೆಬ್ರವರಿ 14ರಂದು, ಯಾಮಾಗುಚಿ ಅನ್ನುವ ಹಳ್ಳಿಯಲ್ಲಿ. ಇವತ್ತು ಅದು ಶಿಜುವೊಕಾ ಪ್ರಾಂತ್ಯದ ಕೊಸಾಯಿ ಊರಿಗೆ ಸೇರಿದೆ. ಅಪ್ಪ ಇಕಿಚಿ ಹೊಲ ಮಾಡುತ್ತಿದ್ದವರು, ಜೊತೆಗೆ ಬಡಗಿ ಕೆಲಸ. ಹುಡುಗ ಶಾಲೆ ಬಿಟ್ಟ ಮೇಲೆ ಅಪ್ಪನ ಹಿಂದೆ ಉಳಿ, ಸುತ್ತಿಗೆ ಹಿಡಿದು ತಿರುಗಿದ. ಓದು ಅಲ್ಲಿಗೇ ಮುಗಿಯಿತು. ಅಂದರೆ ಇಂಥವರ ಬಗ್ಗೆ ನಾವು, ನಾಲ್ಕು ವರ್ಷ ಕ್ಲಾಸಿನಲ್ಲಿ ಕೂತು ಡಿಗ್ರಿ ತೆಗೆದುಕೊಳ್ಳುವವರು, ಬರೆಯುತ್ತಿದ್ದೇವೆ!

ಆ ಸೀಮೆಯಲ್ಲಿ ಮನೆಮನೆಗೂ ಮಗ್ಗ. ಹೊಲದ ಕೆಲಸ ಮುಗಿಸಿ ಬಂದ ಹೆಂಗಸರು ರಾತ್ರಿಯವರೆಗೂ ನೇಯುತ್ತಿದ್ದರು. ಸಾಕಿಚಿಯ ತಾಯಿಯೂ ಹಾಗೇ. ನೇಯ್ಗೆ ಅಂದರೆ ಏನು ಅಂತ ಇಳಕಲ್, ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರ ಕಡೆಯ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು: ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅಡ್ಡಕ್ಕೆ ಲಾಳಿಯೊಳಗೆ ಕೂತು ಓಡುವ ಎಳೆ ಹೊಕ್ಕು. ಪ್ರತಿ ಸಲ ಲಾಳಿ ದಾಟಿದ ಮೇಲೆ ಹಣಿಗೆಯಿಂದ ಎಳೆಯನ್ನು ಒತ್ತಬೇಕು. ಒಂದು ಕೈ ಲಾಳಿಗೆ, ಇನ್ನೊಂದು ಕೈ ಹಣಿಗೆಗೆ. ಒಂದು ಗಜ ಬಟ್ಟೆಗೆ ಇದನ್ನು ಸಾವಿರಾರು ಸಲ ಮಾಡಬೇಕು. ಹಾಸುಹೊಕ್ಕು ಅನ್ನುವ ಪದವನ್ನು ನಾವು ಮಾತಿನಲ್ಲಿ ಹಗುರವಾಗಿ ಬಳಸಿಬಿಡುತ್ತೇವೆ. ಅದರ ಹಿಂದಿನ ಬೆನ್ನುನೋವು ನೇಯ್ದವರಿಗೇ ಗೊತ್ತು.

1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾಯ್ದೆ ತಂದಿತು. ಹೊಸದು ಕಂಡುಹಿಡಿದವನಿಗೆ ಅದರ ಹಕ್ಕು ಸಿಗುತ್ತದೆ ಅನ್ನುವ ಸುದ್ದಿ ಹದಿನೆಂಟರ ಈ ಬಡಗಿಯ ತಲೆಯಲ್ಲಿ ಕೂತುಬಿಟ್ಟಿತು. ಮಗ್ಗ ಸುಧಾರಿಸುತ್ತೇನೆ ಅಂತ ಕೊಟ್ಟಿಗೆ ಸೇರಿದ. ಮಾಡಿದ, ಒಡೆದ, ಮತ್ತೆ ಮಾಡಿದ. ಮರ ಹಾಳು, ಕಾಸು ಹಾಳು. ಊರವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅಪ್ಪನಿಗಂತೂ ಸಿಟ್ಟು, ಹಿರಿಮಗ ಕಸುಬು ಬಿಟ್ಟು ಹೀಗೆ ಕೂತರೆ ಯಾವ ತಂದೆಗೆ ಬರುವುದಿಲ್ಲ ಹೇಳಿ? ತಾಯಿ ಮಾತ್ರ ಒಳಗೊಳಗೇ ಬೆಂಬಲಕ್ಕೆ ಇದ್ದರು ಅಂತ ಅವರ ಕಥೆ ಬರೆದವರು ಹೇಳುತ್ತಾರೆ.

1890ರಲ್ಲಿ ಟೋಕಿಯೋದ ಉಯೆನೋದಲ್ಲಿ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ನಡೆಯಿತು. ಸಾಕಿಚಿ ಅಲ್ಲಿಗೆ ಹೋಗಿ ದಿನವೂ ಯಂತ್ರಗಳ ಮುಂದೆ ನಿಂತರು. ಅದೇ ವರ್ಷ ಅವರ ಮೊದಲ ಮಗ್ಗ ತಯಾರಾಯಿತು, 1891ರಲ್ಲಿ ಪೇಟೆಂಟ್ ಬಂತು. ಪೂರ್ತಿ ಮರದ್ದು. ಒಂದೇ ಕೈಯಿಂದ ಹಣಿಗೆಯ ಚೌಕಟ್ಟನ್ನು ಹಿಂದೆ ಮುಂದೆ ಆಡಿಸಿದರೆ ಸಾಕು, ಲಾಳಿ ತಾನಾಗಿ ಅತ್ತಿಂದಿತ್ತ ಓಡುತ್ತಿತ್ತು. ನೇಯ್ಗೆಯ ವೇಗ ನೂರಕ್ಕೆ ನಲವತ್ತು ಐವತ್ತರಷ್ಟು ಏರಿತು, ಬಟ್ಟೆಯೂ ಸಮನಾಗಿ ಬಂತು.

ಆದರೆ ದುಡ್ಡು ಬರಲಿಲ್ಲ. ಟೋಕಿಯೋದಲ್ಲಿ ಈ ಮಗ್ಗಗಳನ್ನೇ ಇಟ್ಟುಕೊಂಡು ಒಂದು ಸಣ್ಣ ನೇಯ್ಗೆ ಕಾರ್ಖಾನೆ ತೆರೆದರು, ಅದು ಬಾಳಲಿಲ್ಲ. ವಾಪಸ್ ಬಂದರು. 1893ರಲ್ಲಿ ಮದುವೆ, 1894ರ ಜೂನ್‌ನಲ್ಲಿ ಮಗ ಕೀಚಿರೊ. ಗಂಡ ಯಂತ್ರದ ಹಿಂದೆ ಬಿದ್ದು ಮನೆ ಕಡೆ ಕಣ್ಣೆತ್ತಿ ನೋಡದ ಆ ಸಂಸಾರದಲ್ಲಿ ಹೆಂಡತಿ ತಾಮಿ ಹೆಚ್ಚು ದಿನ ಉಳಿಯಲಿಲ್ಲ. ಮಗುವನ್ನು ಬಿಟ್ಟು ಹೋದರು. ಕೀಚಿರೊ ಬೆಳೆದದ್ದು ಅಜ್ಜಿ ತಾತನ ಹತ್ತಿರ. ಮಹಾಪುರುಷರ ಜೀವನ ಬರೆಯುವಾಗ ಇಂಥ ಪುಟಗಳನ್ನು ಸರಕ್ಕನೆ ತಿರುವಿಬಿಡುವ ರೂಢಿ ಇದೆ. ನಮಗೆ ಹಾಗೆ ಮಾಡಲು ಮನಸ್ಸಿಲ್ಲ. ಆ ಮಗ್ಗಗಳ ಬೆಲೆಯನ್ನು ತಾಮಿಯೂ ತೆತ್ತರು, ಅವರ ಹೆಸರಲ್ಲಿ ಪೇಟೆಂಟ್ ಇಲ್ಲ ಅಷ್ಟೆ.

ಕೈ ಹಿಡಿದದ್ದು ನೂಲು ಸುತ್ತುವ ಒಂದು ಯಂತ್ರ. 1894ರಲ್ಲಿ ಮಾಡಿದ ಅದು ಚೆನ್ನಾಗಿ ಮಾರಾಟವಾಗಿ ಮುಂದಿನ ಪ್ರಯೋಗಕ್ಕೆ ಹಣ ಒದಗಿಸಿತು. 1896ರ ಹೊತ್ತಿಗೆ ಜಪಾನಿನಲ್ಲೇ ಮೊದಲನೆಯದು ಎನ್ನಿಸಿದ ಪವರ್ ಲೂಮ್ ಸಿದ್ಧ. ಮರ ಮತ್ತು ಕಬ್ಬಿಣ ಸೇರಿಸಿ ಕಟ್ಟಿದ್ದರಿಂದ ವಿದೇಶದಿಂದ ಬರುತ್ತಿದ್ದ ಪೂರ್ತಿ ಕಬ್ಬಿಣದ ಮಗ್ಗಗಳಿಗಿಂತ ತುಂಬಾ ಅಗ್ಗ.

ನಮ್ಮ ಕಥೆ ಶುರುವಾಗುವುದು ಇಲ್ಲಿಂದ. ಕೈಮಗ್ಗದಲ್ಲಿ ಹೊಕ್ಕಿನ ಎಳೆ ಕಡಿದರೆ ನೇಯುವವರ ಕೈಗೆ ತಕ್ಷಣ ಗೊತ್ತಾಗುತ್ತದೆ, ನಿಲ್ಲಿಸುತ್ತಾರೆ. ಪವರ್ ಲೂಮಿಗೆ ಕೈಯೂ ಇಲ್ಲ, ಕಣ್ಣೂ ಇಲ್ಲ. ಎಳೆ ಕಡಿದರೂ ಲಾಳಿ ಓಡುತ್ತಲೇ ಇರುತ್ತದೆ, ಹಣಿಗೆ ಗಾಳಿಯನ್ನು ಒತ್ತುತ್ತಲೇ ಇರುತ್ತದೆ. ಒಬ್ಬರು ಪಕ್ಕದಲ್ಲೇ ನಿಂತು ಕಾಯಬೇಕು. ಯಂತ್ರ ತಂದು, ಯಂತ್ರಕ್ಕೆ ಒಬ್ಬ ಕಾವಲುಗಾರನನ್ನೂ ತಂದ ಹಾಗಾಯಿತು. ಸಾಕಿಚಿ ತಮ್ಮ ಮಗ್ಗಕ್ಕೆ ಹೊಕ್ಕು ಕಡಿದರೆ ತಾನೇ ನಿಲ್ಲುವ ಏರ್ಪಾಡು ಮಾಡಿದರು. ತತ್ತ್ವ ಸರಳ. ಒಂದು ಹಗುರವಾದ ಕವಲು ಕಡ್ಡಿ. ಲಾಳಿ ಪ್ರತಿ ಸಲ ದಾಟಿದಾಗಲೂ ಎಳೆ ಅದನ್ನು ತಳ್ಳಿ ಓರೆ ಮಾಡುತ್ತದೆ. ಎಳೆ ಇಲ್ಲದಿದ್ದರೆ ಕಡ್ಡಿ ಓರೆಯಾಗುವುದಿಲ್ಲ. ಆಗ ಅದರ ಬಾಲ ಒಂದು ಸನ್ನೆಗೆ ಸಿಕ್ಕಿಕೊಂಡು ಮಗ್ಗದ ಹಿಡಿಯನ್ನು ತಪ್ಪಿಸುತ್ತದೆ, ಮಗ್ಗ ನಿಲ್ಲುತ್ತದೆ. ಸೆನ್ಸರ್ ಯಾವುದು ಅಂತ ಕೇಳಿದರೆ, ಎಳೆಯೇ ಸೆನ್ಸರ್.

ಇದು ಪ್ರಪಂಚದಲ್ಲೇ ಮೊದಲನೆಯದು ಅಂತ ಕೆಲವು ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ಹೊಕ್ಕು ಕಾಯುವ ಕವಲು ಇಂಗ್ಲೆಂಡಿನ ಮಗ್ಗಗಳಲ್ಲಿ ಎಷ್ಟೋ ವರ್ಷ ಮೊದಲೇ ಇತ್ತು. ಅಮೆರಿಕದ ನಾರ್ತ್ರಪ್ ಮಗ್ಗ 1890ರ ದಶಕದಲ್ಲೇ ಲಾಳಿಯೊಳಗಿನ ಖಾಲಿ ಕಂಡಿಕೆಯನ್ನು ತಾನೇ ಬದಲಿಸುತ್ತಿತ್ತು, ಹಾಸಿನ ಎಳೆ ಕಡಿದರೆ ನಿಲ್ಲುತ್ತಲೂ ಇತ್ತು. ಸಾಕಿಚಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ತಪ್ಪು ಕಂಡ ಕೂಡಲೇ ನಿಲ್ಲಬೇಕು, ತಪ್ಪಿಲ್ಲದಿದ್ದರೆ ಕ್ಷಣವೂ ನಿಲ್ಲಬಾರದು, ಈ ಎರಡನ್ನೂ ಒಂದೇ ಮಗ್ಗದಲ್ಲಿ ಸೇರಿಸಲು ಅವರು ಮೂವತ್ತು ವರ್ಷ ಬಿಡದೆ ದುಡಿದರು. 1903ರಲ್ಲಿ ಲಾಳಿಯನ್ನೇ ಬದಲಿಸುವ ಮೊದಲ ಮಗ್ಗ ಮಾಡಿದರು. 1906ರಲ್ಲಿ ಲಾಳಿ ಅತ್ತಿಂದಿತ್ತ ಓಡುವ ಬದಲು ಸುತ್ತು ಹೊಡೆಯುವ ವೃತ್ತಾಕಾರದ ಮಗ್ಗಕ್ಕೂ ಪೇಟೆಂಟ್ ತೆಗೆದುಕೊಂಡರು. ಅದು ಮಾರುಕಟ್ಟೆ ಕಾಣಲಿಲ್ಲ.

ವ್ಯಾಪಾರದಲ್ಲಿ ಮಾತ್ರ ಪೆಟ್ಟಿನ ಮೇಲೆ ಪೆಟ್ಟು. ಮಿತ್ಸುಯಿ ಕಂಪನಿಯವರು ಮಗ್ಗ ಮೆಚ್ಚಿ ಒಂದು ಸಂಸ್ಥೆ ತೆರೆದರು, ಕೆಲವೇ ವರ್ಷದಲ್ಲಿ ಸಾಕಿಚಿ ಅಲ್ಲಿಂದ ಹೊರಗೆ ಬಂದರು. 1907ರಲ್ಲಿ ಅವರ ಹೆಸರಲ್ಲೇ ಮಗ್ಗದ ಕಾರ್ಖಾನೆ ಶುರುವಾಯಿತು. ವ್ಯಾಪಾರ ಕುಸಿದಾಗ, 1910ರಲ್ಲಿ, ಹೆಸರು ಬೋರ್ಡಿನ ಮೇಲಿದ್ದ ಆ ಮನುಷ್ಯನನ್ನೇ ರಾಜೀನಾಮೆ ಕೊಡುವಂತೆ ಮಾಡಿದರು. ಹಣ ಹಾಕಿದವರಿಗೆ ಈ ವರ್ಷದ ಲಾಭ ಬೇಕು, ಇವರಿಗೆ ಪೂರ್ತಿ ಪರೀಕ್ಷೆ ಆಗುವವರೆಗೆ ಯಂತ್ರ ಹೊರಗೆ ಹೋಗಬಾರದು. ಈ ಜಗಳ ಇವತ್ತಿಗೂ ಮುಗಿದಿಲ್ಲ, ಇಂಟರ್ನ್‌ಶಿಪ್ ಮುಗಿಸಿ ಬಂದ ಸೀನಿಯರ್‌ಗಳನ್ನು ಕೇಳಿ ನೋಡಿ.

ಕೆಲಸ ಕಳೆದುಕೊಂಡ ಸಾಕಿಚಿ ಅದೇ ವರ್ಷ ಅಮೆರಿಕಕ್ಕೆ ಹಡಗು ಹತ್ತಿದರು, ಅಲ್ಲಿಂದ ಯುರೋಪ್. ಅಲ್ಲಿನ ಮಗ್ಗಗಳನ್ನು ನೋಡಿ ತಮ್ಮದೇನೂ ಕಡಿಮೆಯಿಲ್ಲ ಅನ್ನುವ ಧೈರ್ಯ ಬಂತು. ಬೀದಿ ತುಂಬ ಓಡಾಡುತ್ತಿದ್ದ ಮೋಟಾರು ಗಾಡಿಗಳೂ ಕಣ್ಣಿಗೆ ಬಿದ್ದವು. 1911ರಲ್ಲಿ ವಾಪಸ್ ಬಂದು ನಗೋಯಾದಲ್ಲಿ ಸ್ವಂತ ನೇಯ್ಗೆ ಗಿರಣಿ ಹಾಕಿದರು. ಈ ಸಲ ಲೆಕ್ಕ ಬೇರೆ: ಮಗ್ಗ ಮಾರಿ ಬದುಕುವುದಲ್ಲ, ಬಟ್ಟೆ ಮಾರಿ ಬಂದ ದುಡ್ಡಿನಲ್ಲಿ ಮಗ್ಗ ತಿದ್ದುವುದು. ಸ್ವಲ್ಪ ದಿನದಲ್ಲೇ ಇನ್ನೊಂದು ತೊಡಕು ಎದುರಾಯಿತು. ಎಳೆ ಪದೇ ಪದೇ ಕಡಿಯುವುದಕ್ಕೆ ಮಗ್ಗ ಕಾರಣವೋ, ಕೊಂಡು ತಂದ ನೂಲು ಕಾರಣವೋ? ಗೊತ್ತಾಗಬೇಕಾದರೆ ನೂಲು ನಮ್ಮದೇ ಆಗಬೇಕು. ಹಾಗಾಗಿ 1914ರಲ್ಲಿ ನೂಲುವ ಘಟಕವೂ ಬಂತು. ತಪ್ಪು ಕಂಡ ಜಾಗದಿಂದ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ ಮೂಲ ಹುಡುಕುವ ಈ ಹಟವೇ ಮುಂದೆ ಟೊಯೋಟಾದ ಐದು ಸಲ ಯಾಕೆ ಅಂತ ಕೇಳುವ ಪದ್ಧತಿ ಅಂತ ಹೆಸರಾಯಿತು. ಒಂದನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಬೇಡಿಕೆ ಏರಿತು, ಗಿರಣಿ ಬೆಳೆಯಿತು, ಶಾಂಘೈನಲ್ಲೂ ಒಂದು ಎದ್ದಿತು.

ಈ ನಡುವೆ ಕೀಚಿರೊ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದ. ಅಪ್ಪ ಬಡಗಿ, ಮಗ ಎಂಜಿನಿಯರ್. ಇಬ್ಬರೂ, ಜೊತೆಗೆ ಗಿರಣಿಯ ನುರಿತ ಕೈಗಳೂ ಸೇರಿ 1924ರಲ್ಲಿ ಜಿ-ಟೈಪ್ ಸ್ವಯಂಚಾಲಿತ ಮಗ್ಗ ಮುಗಿಸಿದರು. ಪೂರ್ತಿ ವೇಗದಲ್ಲಿ ಓಡುತ್ತಿರುವಾಗಲೇ ನೂಲು ಮುಗಿಯುತ್ತಾ ಬಂದ ಲಾಳಿಯನ್ನು ಆಚೆ ತಳ್ಳಿ ತುಂಬಿದ ಲಾಳಿಯನ್ನು ಒಳಗೆ ಕೂರಿಸುತ್ತಿತ್ತು. ಹೊಕ್ಕು ಕಡಿದರೆ ನಿಲ್ಲುತ್ತಿತ್ತು, ಹಾಸು ಕಡಿದರೂ ನಿಲ್ಲುತ್ತಿತ್ತು.

ಹಾಸು ಕಡಿದಾಗ ನಿಲ್ಲುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಾಸಿನಲ್ಲಿ ಸಾವಿರಗಟ್ಟಲೆ ಎಳೆ. ಒಂದೊಂದು ಎಳೆಗೂ ಒಂದೊಂದು ತೆಳುವಾದ ಲೋಹದ ಪಟ್ಟಿ ನೇತುಹಾಕಿರುತ್ತದೆ. ಎಳೆ ಬಿಗಿಯಾಗಿ ಇರುವವರೆಗೆ ಪಟ್ಟಿ ಮೇಲೇ ಇರುತ್ತದೆ. ಎಳೆ ಕಡಿಯಿತೋ, ಪಟ್ಟಿ ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ, ಕೆಳಗೆ ಆಡುತ್ತಿರುವ ಹಲ್ಲುಪಟ್ಟಿಗೆ ಅಡ್ಡ ಬರುತ್ತದೆ, ಮಗ್ಗ ನಿಲ್ಲುತ್ತದೆ. ಸರಿ, ಮತ್ತೆ ಶುರು ಮಾಡುವುದು ಹೇಗೆ? ಬಿದ್ದ ಪಟ್ಟಿ ಮೇಲೆ ನಿಲ್ಲಬೇಕಾದರೆ ಎಳೆ ಇರಲೇಬೇಕು. ಎಳೆ ಹುಡುಕಿ, ಪಟ್ಟಿಯ ಕಣ್ಣಲ್ಲಿ ಪೋಣಿಸಿ, ಗಂಟು ಹಾಕಿ, ಬಿಗಿ ಮಾಡಿದರೆ ಮಾತ್ರ ಅಡ್ಡಿ ತೆಗೆದುಹೋಗುತ್ತದೆ. ಇಲ್ಲಿ ರೀಸೆಟ್ ಅಂತ ಬೇರೆ ಬಟನ್ ಇಲ್ಲ. ಗಂಟು ಹಾಕುವುದೇ ರಿಪೇರಿ, ಗಂಟು ಹಾಕುವುದೇ ರೀಸೆಟ್.

ಕಾರಿನ ಆ ದೀಪವನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ರಿಪೇರಿ ಬಾನೆಟ್ ಕೆಳಗೆ, ರೀಸೆಟ್ ಸ್ಟಿಯರಿಂಗ್ ಹಿಂದೆ. ಎರಡಕ್ಕೂ ನಡುವೆ ಒಂದು ತಂತಿಯೂ ಇಲ್ಲ. ಆಯಿಲ್ ಬದಲಿಸಿ ಬಟನ್ ಒತ್ತುವುದನ್ನು ಬಿಟ್ಟರೆ ದೀಪ ಸುಳ್ಳು ಹೇಳುತ್ತದೆ. ಆಯಿಲ್ ಬದಲಿಸದೆ ಬಟನ್ ಒತ್ತಿದರೂ ದೀಪ ಸುಳ್ಳು ಹೇಳುತ್ತದೆ. ಈ ಎರಡನೇ ಸುಳ್ಳು ಎಂಜಿನ್ನಿಗೆ ಕೆಟ್ಟದ್ದು, ಯಾಕೆಂದರೆ ಆರಿದ ದೀಪವನ್ನು ಯಾರೂ ಅನುಮಾನಿಸುವುದಿಲ್ಲ. ಹಳೆ ಆಯಿಲ್ ಮತ್ತೆ 8,000 ಕಿಲೋಮೀಟರ್ ಓಡುತ್ತದೆ, ಗಸಿ ಕಟ್ಟುತ್ತದೆ, ಸಣ್ಣ ಸಣ್ಣ ದಾರಿಗಳು ಮುಚ್ಚಿಕೊಳ್ಳುತ್ತವೆ.

ಜೀವನಕಥೆಗೆ ವಾಪಸ್ ಬರೋಣ. ಮಗ್ಗ ತಾನೇ ನಿಲ್ಲುವುದರಿಂದ ಕಾಯುವ ಕಣ್ಣು ಬೇಕಿಲ್ಲ. ಒಬ್ಬಳೇ ಹುಡುಗಿ 30ಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳಬಹುದಾಯಿತು. ಇದನ್ನು ಹೊಗಳುವಾಗ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಬಹುತೇಕ ಹಳ್ಳಿಯ ಹೆಣ್ಣುಮಕ್ಕಳು, ಗಿರಣಿಯ ಹಾಸ್ಟೆಲ್ಲಿನಲ್ಲೇ ವಾಸ, ಹಗಲು ರಾತ್ರಿ ಪಾಳಿ. 1929ರಲ್ಲಿ ಹೆಂಗಸರ ನಡುರಾತ್ರಿ ಕೆಲಸಕ್ಕೆ ಕಾಯ್ದೆಯ ತಡೆ ಬಿದ್ದಾಗ ಗಿರಣಿಗಳಿಗೆ ಕಡಿಮೆ ಕೈಗಳಲ್ಲಿ ಹೆಚ್ಚು ಬಟ್ಟೆ ಬೇಕಾಯಿತು, ಇಂಥ ಮಗ್ಗಗಳಿಗೆ ಬೇಡಿಕೆ ಬಂತು. ತಾಯಿಯ ಬೆನ್ನಿನ ಭಾರ ಇಳಿಸಲು ಹೊರಟ ಕೆಲಸ ಎಷ್ಟೋ ಹುಡುಗಿಯರ ಕೂಲಿಯನ್ನೂ ಇಳಿಸಿತೋ ಏನೋ, ಆ ಲೆಕ್ಕ ಯಾವ ಪೇಟೆಂಟಿನಲ್ಲೂ ಇರುವುದಿಲ್ಲ.

ಕೊನೆಯ ವರ್ಷಗಳಲ್ಲೂ ಸಾಕಿಚಿಯ ತಲೆ ಸುಮ್ಮನಿರಲಿಲ್ಲ. 1925ರಲ್ಲಿ, ಪೆಟ್ರೋಲಿಗೆ ಸಡ್ಡು ಹೊಡೆಯುವಂಥ ಬ್ಯಾಟರಿ ಕಂಡುಹಿಡಿದವರಿಗೆ ಕೊಡಲೆಂದು ಹತ್ತು ಲಕ್ಷ ಯೆನ್ ತೆಗೆದಿಟ್ಟರು. ಯಾರಿಗೂ ಗೆಲ್ಲಲಾಗಲಿಲ್ಲ. ನಮ್ಮ ಇಲೆಕ್ಟ್ರಿಕಲ್ ವಿಭಾಗದ ಮಿತ್ರರು ಇದನ್ನು ಗಮನಿಸಬೇಕು! 1926ರಲ್ಲಿ ಕಾರಿಯಾ ಎಂಬಲ್ಲಿ ಮಗ್ಗ ತಯಾರಿಸುವ ಹೊಸ ಕಂಪನಿ ಶುರುವಾಯಿತು. 1929ರ ಕೊನೆಯಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಂಪನಿ ಜಿ-ಟೈಪ್ ಮಗ್ಗದ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಒಂದು ಕಾಲಕ್ಕೆ ಪ್ರಪಂಚಕ್ಕೆಲ್ಲ ಜವಳಿ ಯಂತ್ರ ಮಾರುತ್ತಿದ್ದ ಊರು ಅದು. ಮುಂದೆ ಆರ್ಥಿಕ ಕುಸಿತದಿಂದ ಮೊತ್ತ ಇಳಿಯಿತು, ಆ ಮಾತು ಬೇರೆ. ಒಪ್ಪಂದಕ್ಕೆ ಹೋಗಿದ್ದ ಕೀಚಿರೊ ಆ ಪ್ರವಾಸದಲ್ಲೇ ಕಾರಿನ ಕಾರ್ಖಾನೆಗಳನ್ನೂ ನೋಡಿಕೊಂಡು ಬಂದ. 1930ರ ಅಕ್ಟೋಬರ್ 30ರಂದು, 63ನೇ ವಯಸ್ಸಿನಲ್ಲಿ, ಸಾಕಿಚಿ ತೀರಿಕೊಂಡರು. ತಮ್ಮ ಮನೆತನದ ಹೆಸರಿನ ಕಾರನ್ನು ಅವರು ನೋಡಲೇ ಇಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರಿನ ವಿಭಾಗ, 1937ರಲ್ಲಿ ಟೊಯೋಟಾ ಮೋಟಾರ್. ಟೊಯೊಡಾದ ಗಿರಣಿಯಲ್ಲಿ ಕೆಲಸ ಕಲಿತ ತಾಯಿಚಿ ಓನೋ ಯುದ್ಧಕಾಲದಲ್ಲಿ ಕಾರಿನ ಕಾರ್ಖಾನೆಗೆ ಬಂದು, ನಿಲ್ಲುವ ಮಗ್ಗದ ತತ್ತ್ವವನ್ನು ಅಲ್ಲಿಗೆ ತಂದರು. ಅದರ ಹೆಸರು ಜಿದೋಕಾ. ಸ್ವಯಂಚಾಲನೆ ಅನ್ನುವ ಜಪಾನಿ ಪದವೇ, ಆದರೆ ಬರೆಯುವಾಗ ನಡುವಿನ ಅಕ್ಷರಕ್ಕೆ ಮನುಷ್ಯ ಅನ್ನುವ ಗುರುತು ಸೇರಿಸುತ್ತಾರೆ. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ತಲೆಯ ಮೇಲೆ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆ ದೀಪಕ್ಕೆ ಅಂದೋನ್ ಅಂತಾರೆ, ಹಳೆ ಕಾಲದ ಕಾಗದದ ಲಾಂದ್ರದ ಹೆಸರು. ನಮ್ಮ ರಾಜ್ಯಕ್ಕೂ ಈ ಮನೆತನ ಬಂದದ್ದು ಅದೇ ಕ್ರಮದಲ್ಲಿ: ಮೊದಲು 1995ರಲ್ಲಿ ಬೆಂಗಳೂರಿನ ಹತ್ತಿರ ಕಿರ್ಲೋಸ್ಕರ್ ಜೊತೆ ಜವಳಿ ಯಂತ್ರದ ಕಂಪನಿ, ಆಮೇಲೆ 1997ರಲ್ಲಿ ಕಾರಿನದು. ಬಿಡದಿಯಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿ ಶುರು.

ಹಾಗಂತ ಡ್ಯಾಶ್‌ಬೋರ್ಡಿನ ಎಲ್ಲ ದೀಪವೂ ಬರೀ ಎಣಿಸುವುದಲ್ಲ. ಎಣ್ಣೆ ಕುಡಿಕೆಯ ಚಿತ್ರವಿರುವ ಕೆಂಪು ದೀಪ ಸಾಕಿಚಿಯ ವಂಶದ್ದು. ಆಯಿಲ್ ಒತ್ತಡ ಇದ್ದರೆ ಅದರ ಸ್ವಿಚ್ ತೆರೆದಿರುತ್ತದೆ, ಒತ್ತಡ ಬಿದ್ದರೆ ಮುಚ್ಚಿ ದೀಪ ಹತ್ತುತ್ತದೆ. ಓಡುವಾಗ ಅದು ಹತ್ತಿದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಅದಕ್ಕೆ ಯಾವ ಬಟನ್ನೂ ಇಲ್ಲ. ಕೆಲವು ಕಂಪನಿಗಳ ಕಾರುಗಳಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಅಂತ ನೋಡಿ ಆಯಿಲ್ಲಿನ ಆಯಸ್ಸು ಅಂದಾಜು ಮಾಡುವ ವ್ಯವಸ್ಥೆ ಇದೆ. ಮೈಲಿ ಎಣಿಸುವುದಕ್ಕಿಂತ ಅದು ಮೇಲು, ಆದರೂ ಅಂದಾಜೇ.

ಸರ್ವೀಸ್ ದೀಪದ ವಿಷಯಕ್ಕೆ ಬಂದರೆ, ಗಂಟು ಹಾಕುವ ಕೆಲಸವನ್ನು ನಾವೇ ಮೊದಲು ಮಾಡಬೇಕು. ಕಾರು ಸಮತಟ್ಟಾದ ಜಾಗದಲ್ಲಿ ನಿಂತು, ಎಂಜಿನ್ ಆರಿಸಿ ಐದಾರು ನಿಮಿಷ ಆದ ಮೇಲೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಸರ್ವೀಸ್ ಪುಸ್ತಕದಲ್ಲಿ ಆ ದಿನದ ಕಿಲೋಮೀಟರ್ ಬರೆದುಕೊಳ್ಳಿ. ಆಮೇಲೆ ಬಟನ್. ಹಲವು ಟೊಯೋಟಾ ಕಾರುಗಳಲ್ಲಿ ಕ್ರಮ ಹೀಗೆ: ಮೀಟರಿನಲ್ಲಿ ಟ್ರಿಪ್ ಎ ಬರುವಂತೆ ಇಟ್ಟು ಕೀ ಆಫ್ ಮಾಡಿ, ಟ್ರಿಪ್ ಬಟನ್ ಒತ್ತಿಹಿಡಿದೇ ಕೀಯನ್ನು ಆನ್‌ಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ, ಸೊನ್ನೆಗಳು ಕಾಣುವವರೆಗೆ ಬಿಡದೆ ಒತ್ತಿರಿ. ಮಾಡೆಲ್ಲಿನಿಂದ ಮಾಡೆಲ್ಲಿಗೆ ಇದು ಬದಲಾಗುತ್ತದೆ, ನಿಮ್ಮ ಗಾಡಿಯದು ಗ್ಲೋವ್ ಬಾಕ್ಸಿನಲ್ಲಿರುವ ಪುಸ್ತಕದಲ್ಲಿ ಇರುತ್ತದೆ.